ನಿಲ್ಲದ ಗಣಕಕ್ಕೆ ಹೊಸ ಕಡತ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಒಂದು ಮೂಲೆಯಲ್ಲಿ ಮೂರು ಗೈಗರ್ ನಳಿಗೆಗಳು ಒಂದರ ಮೇಲೊಂದಾಗಿ ಮಲಗಿವೆ. ವಿಶ್ವಕಿರಣಗಳಿಂದ ಹುಟ್ಟಿ ಮೇಲಿನಿಂದ ಇಳಿದುಬರುವ ಮ್ಯುವಾನ್ ಎಂಬ ಕಣವು ಈ ಮೂರನ್ನೂ ಏಕಕಾಲದಲ್ಲಿ ತೂರಿಹೋದರೆ ಅದು ಒಂದು ಎಣಿಕೆ. ಪ್ರತಿ ನಿಮಿಷದ ಎಣಿಕೆಯನ್ನೂ ಆ ಹೊತ್ತಿನ ವಾಯುಭಾರವನ್ನೂ ಒಂದು ಗಣಕಯಂತ್ರವು ಹಗಲಿರುಳೆನ್ನದೆ ಬರೆದಿಡುತ್ತದೆ. ವಾಯುಭಾರ ಏರಿದರೆ ಎಣಿಕೆ ತುಸು ಇಳಿಯುವುದು; ಇಳಿದರೆ ಏರುವುದು. ಇದು ದಿನದಿನದ ಮಾತು. ಆದರೆ ಸೂರ್ಯನಿಂದ ಸಿಡಿದ ಅನಿಲದ ದೊಡ್ಡ ಅಲೆಯೊಂದು ತನ್ನ ಕಾಂತಕ್ಷೇತ್ರದೊಡನೆ ಭೂಮಿಯನ್ನು ಹಾಯುವಾಗ ಎಣಿಕೆಯು ಕೆಲವೇ ಗಂಟೆಗಳಲ್ಲಿ ಕೆಳಗೆ ಬಿದ್ದು, ಕೆಲವು ದಿನಗಳಲ್ಲಿ ಮೆಲ್ಲನೆ ಮೇಲೇರುವುದುಂಟು. ಇದನ್ನು ಗುರುತಿಸಿದ ಅಮೆರಿಕದ ಸ್ಕಾಟ್ ಫೋರ್ಬುಷ್ ಅವರ ಹೆಸರಿನಿಂದಲೇ ಈ ಇಳಿತವನ್ನು ಕರೆಯುತ್ತಾರೆ. ಅದು ಹೇಳಿ ಕೇಳಿ ಬರುವ ಅತಿಥಿಯಲ್ಲ. ಬಂದ ದಿನ ನಮ್ಮ ಯಂತ್ರ ಮುಚ್ಚಿದ್ದರೆ, ಹೋಯಿತು.

ಹೀಗೆ ಹನ್ನೊಂದು ತಿಂಗಳು ಎಣಿಕೆ ಬಿಡುವಿಲ್ಲದೆ ನಡೆದ ಮೇಲೆ ಒಂದು ಬೆಳಿಗ್ಗೆ ಗಣಕದ ಡಿಸ್ಕು ತನ್ನ ಆರೋಗ್ಯ ಕೆಡುತ್ತಿದೆಯೆಂದು ತಾನೇ ವರದಿ ಕೊಡಲಾರಂಭಿಸಿತು. ಇಂದಿನ ಡಿಸ್ಕುಗಳಿಗೆ ಈ ಸೌಜನ್ಯವುಂಟು. ತನ್ನ ಮೈಮೇಲಿನ ಕೆಲವು ಜಾಗಗಳು ಬರಹವನ್ನು ಹಿಡಿಯದೆ ಹೋದುವೆಂದೂ ಅವುಗಳ ಬದಲಿಗೆ ಮೀಸಲು ಜಾಗಗಳನ್ನು ಬಳಸಿಕೊಂಡೆನೆಂದೂ ಅದು ಲೆಕ್ಕವಿಡುತ್ತದೆ. ಆ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದುದನ್ನು ನಮ್ಮ ವಿದ್ಯಾರ್ಥಿಗಳೇ ಮೊದಲು ಕಂಡರು. ಎಣಿಕೆಯನ್ನು ನಿಲ್ಲಿಸಬೇಕೆ? ಅಥವಾ ಗಣಕ ಬರೆಯುತ್ತಿರುವಾಗಲೇ, ಅದಕ್ಕೆ ತಿಳಿಯದಂತೆ, ಅದರ ಕೈಕೆಳಗಿನ ಡಿಸ್ಕನ್ನು ಜಾರಿಸಿ ಹೊಸದೊಂದನ್ನು ಇಡಬಹುದೆ?

ಓಡುವ ಗಾಡಿಯ ಗಾಲಿಯನ್ನು ಓಡುತ್ತಿರುವಾಗಲೇ ಬದಲಾಯಿಸುವೆವೆಂದರೆ ಕೇಳಿದವರು ನಗುವರು. ಆದರೆ ಬ್ಯಾಂಕು, ಆಸ್ಪತ್ರೆ, ರೈಲ್ವೆಗಳ ಲೆಕ್ಕವನ್ನು ಹೊತ್ತ ಗಣಕಾಲಯಗಳಲ್ಲಿ ಈ ಕೆಲಸ ಇಂದು ದಿನನಿತ್ಯದ್ದು. ಅದು ನಡೆಯುವ ಬಗೆಯನ್ನು ಈ ಲೇಖನದಲ್ಲಿ ವಿವರಿಸುವೆವು.

ಮಿಥ್ಯಾಯಂತ್ರ

ಕನ್ನಡಿಯಲ್ಲಿ ಕಾಣುವ ಬಿಂಬವನ್ನು ನಮ್ಮ ಶಾಲಾಪುಸ್ತಕಗಳು ಮಿಥ್ಯಾಬಿಂಬ ಎನ್ನುತ್ತವೆ. ಕನ್ನಡಿಯ ಹಿಂದೆ ಹೋಗಿ ಪರದೆ ಹಿಡಿದರೆ ಅಲ್ಲಿ ಏನೂ ಮೂಡದು. ಆದರೂ ನಾವು ಅದನ್ನೇ ನಂಬಿ ತಲೆ ಬಾಚುತ್ತೇವೆ, ಮುಖ ಕ್ಷೌರ ಮಾಡಿಕೊಳ್ಳುತ್ತೇವೆ, ಮೋಸ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಬಿಂಬಕ್ಕಿರುವ ವಿಶೇಷಣವೇ ವರ್ಚುಯಲ್ ಮಷೀನ್ ಎಂಬ ಗಣಕಕ್ಕೂ ಇದೆ. ಆದುದರಿಂದ ಅದನ್ನು ಮಿಥ್ಯಾಯಂತ್ರವೆಂದು ಕರೆಯಲು ವಾಚಕರು ನಮಗೆ ಅನುಮತಿ ಕೊಡಬೇಕು.

ಒಂದು ದೊಡ್ಡ ಗಣಕದೊಳಗೆ ಮೇಲ್ವಿಚಾರಕನಂಥ ಒಂದು ಕ್ರಮವಿಧಿ ಇರುವುದು. ಅದಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ಆ ಒಂದೇ ಗಣಕವನ್ನು ಹತ್ತಾರು ಗಣಕಗಳಂತೆ ತೋರಿಸುತ್ತದೆ. ಪ್ರತಿಯೊಂದೂ ತನಗೆ ಸ್ವಂತ ಲೆಕ್ಕಾಂಗ, ಸ್ವಂತ ಸ್ಮೃತಿ, ಸ್ವಂತ ಡಿಸ್ಕು ಇದೆಯೆಂದು ನಂಬಿ ನಡೆಯುತ್ತದೆ. ವಿಚಾರ ಹೊಸದೇನಲ್ಲ. ಅಮೆರಿಕದ ಕೇಂಬ್ರಿಡ್ಜಿನಲ್ಲಿದ್ದ ಐಬಿಎಂ ಕೇಂದ್ರದವರು ೧೯೬೦ರ ದಶಕದಲ್ಲಿಯೇ ಇಂಥ ವ್ಯವಸ್ಥೆಯನ್ನು ಕಟ್ಟಿದರು. ೧೯೭೨ರಲ್ಲಿ ಅದು ವಿಎಂ/೩೭೦ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಸಣ್ಣ ಗಣಕಗಳಿಗೆ ಈ ವಿದ್ಯೆಯನ್ನು ತಂದು ಜನಪ್ರಿಯಗೊಳಿಸಿದುದು ೧೯೯೮ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ. ನಮ್ಮ ಕಾಲೇಜಿನಲ್ಲಿಯೂ ಒಂದೇ ದೊಡ್ಡ ಗಣಕದ ಹೊಟ್ಟೆಯಲ್ಲಿ ಗ್ರಂಥಾಲಯದ ಸೂಚಿ ಒಂದು ಯಂತ್ರ, ಹಾಜರಿಯ ಲೆಕ್ಕ ಇನ್ನೊಂದು, ನಮ್ಮ ಮ್ಯುವಾನ್ ಎಣಿಕೆ ಮತ್ತೊಂದು. ಅವುಗಳಲ್ಲಿ ಹಳೆಯ ಡಿಸ್ಕು ಭೌತಶಾಸ್ತ್ರದವರ ಪಾಲಿಗೆ ಬಂದಿದ್ದಿತು. ಅದು ಏಕೆ ಹಾಗೆ ಎಂಬುದನ್ನು ಇಲ್ಲಿ ಕೆದಕುವುದು ಬೇಡ.

ಮಿಥ್ಯಾಯಂತ್ರದ ಡಿಸ್ಕು ಕೂಡ ಮಿಥ್ಯೆಯೇ. ನಿಜವಾಗಿ ನೋಡಿದರೆ ಅದು ಒಂದು ನೈಜ ಡಿಸ್ಕಿನ ಮೇಲೆ ಬರೆದಿಟ್ಟ ಬಲು ದೊಡ್ಡ ಫೈಲು, ಅಷ್ಟೆ. ಯಂತ್ರವು ‘ಒಂದನೆಯ ಡಿಸ್ಕಿನ ಇಷ್ಟನೆಯ ಪುಟದಲ್ಲಿ ಇದನ್ನು ಬರೆ’ ಎಂದು ಹೇಳುವುದು. ಮೇಲ್ವಿಚಾರಕನು ಆ ಮಾತನ್ನು ಕೇಳಿಸಿಕೊಂಡು ಫೈಲಿನ ತಕ್ಕ ಸ್ಥಳದಲ್ಲಿ ಬರೆದು ‘ಬರೆದಾಯಿತು’ ಎಂದು ಉತ್ತರ ಕೊಡುವನು. ಫೈಲು ಯಾವ ಪೆಟ್ಟಿಗೆಯಲ್ಲಿದೆ, ಯಾವ ಕೋಣೆಯಲ್ಲಿದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಈ ಅಜ್ಞಾನವೇ ನಮಗೆ ಸಿಕ್ಕಿರುವ ಹಿಡಿ. ಮುಂದಿನ ಉಪಾಯವೆಲ್ಲ ಇದನ್ನು ಹಿಡಿದುಕೊಂಡೇ ನಡೆಯುವುದು.

ಡಿಸ್ಕನ್ನು ಏಕೆ ಬದಲಾಯಿಸಬೇಕು? ಏಕೆಂದರೆ ಯಾವ ಡಿಸ್ಕೂ ಚಿರಂಜೀವಿಯಲ್ಲ. ೧೯೫೬ರಲ್ಲಿ ಐಬಿಎಂ ಹೊರತಂದ ರಾಮಾಕ್ ಗಣಕದ ಸಂಗ್ರಹದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಗಲದ ಡಿಸ್ಕು ಅದರ ಲಕ್ಷಾಂತರ ಪಾಲು ಹಿಡಿಯುವುದು. ಆದರೆ ತಟ್ಟೆ ಇನ್ನೂ ತಿರುಗುತ್ತಲೇ ಇದೆ, ಅದರ ಮೇಲೆ ಕೆಲವೇ ನ್ಯಾನೋಮೀಟರು ಎತ್ತರದಲ್ಲಿ ಓದುವ ತಲೆ ತೇಲುತ್ತಲೇ ಇದೆ, ತಿರುಗುವುದು ಸವೆಯುತ್ತದೆ. ತಿರುಗದ ಫ್ಲಾಷ್ ಸಂಗ್ರಹವಾದರೋ ಎಲೆಕ್ಟ್ರಾನುಗಳನ್ನು ಸಣ್ಣ ಸೆರೆಮನೆಗಳಲ್ಲಿ ಕೂಡಿಹಾಕುವುದು. ಅಳಿಸಿ ಬರೆದಾಗಲೆಲ್ಲ ಆ ಸೆರೆಮನೆಯ ಗೋಡೆ ಹಾಳಾಗುತ್ತ ಹೋಗಿ, ಬಗೆಯನ್ನನುಸರಿಸಿ ಕೆಲವು ನೂರು ಅಥವಾ ಕೆಲವು ಸಾವಿರ ಸಲದ ಮೇಲೆ ನಂಬಿಕೆಗೆ ಅರ್ಹವಾಗಿ ಉಳಿಯದು. ಇವಲ್ಲದೆ ಜಾಗ ತುಂಬುವುದು, ವೇಗ ಸಾಲದಾಗುವುದು ಮುಂತಾದ ಕಾರಣಗಳೂ ಉಂಟು.

ಶೆಟ್ಟರ ಅಂಗಡಿಯಲ್ಲಿ

‘ಕಡತ’ ಎಂಬ ಮಾತನ್ನು ಈಗ ನಾವು ಕಛೇರಿಯ ಫೈಲು ಎಂಬ ಅರ್ಥದಲ್ಲಿ ಬಳಸುತ್ತೇವೆ. ಹಿಂದೆ ಅದು ಬೇರೊಂದು ವಸ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕರಿಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿದ್ದಿತು. ಗಣಕದ ಡಿಸ್ಕಿಗೆ ಇದಕ್ಕಿಂತ ತಕ್ಕ ಹೋಲಿಕೆ ನಮಗೆ ತೋರಲಿಲ್ಲ.

ಸಂತೆಯ ಊರಿನಲ್ಲಿ ಒಬ್ಬ ಶೆಟ್ಟರ ಅಂಗಡಿ ಇದೆಯೆಂದು ಭಾವಿಸೋಣ. ಗಿರಾಕಿಗಳು ಬರುತ್ತಲೇ ಇದ್ದಾರೆ. ಗುಮಾಸ್ತನು ನೂರು ಪುಟದ ಕಡತದಲ್ಲಿ ಒಮ್ಮೆ ಐದನೆಯ ಪುಟ, ಒಮ್ಮೆ ಎಂಬತ್ತನೆಯ ಪುಟ ಎಂದು ಬೇಕಾದಲ್ಲಿ ಒರಸಿ ಬರೆಯುತ್ತಲೇ ಇದ್ದಾನೆ. ಕಡತದ ಬಟ್ಟೆ ಜೂಲಾಗಿದೆ. ಹೊಸ ಕಡತಕ್ಕೆ ಎಲ್ಲವನ್ನೂ ಇಳಿಸಬೇಕು. ಆದರೆ ಅಂಗಡಿ ಮುಚ್ಚಕೂಡದು, ಗಿರಾಕಿ ಕಾಯಕೂಡದು. ಶೆಟ್ಟರು ಒಬ್ಬ ಹುಡುಗನನ್ನು ನಕಲು ಮಾಡಲು ಕೂರಿಸಿದರು. ಇಲ್ಲಿ ಶೆಟ್ಟರೇ ಮೇಲ್ವಿಚಾರಕ, ಗುಮಾಸ್ತನೇ ಮಿಥ್ಯಾಯಂತ್ರ.

ಹುಡುಗನು ಒಂದನೆಯ ಪುಟದಿಂದ ಆರಂಭಿಸಿ ನೂರನೆಯ ಪುಟದವರೆಗೆ ಸುಮ್ಮನೆ ನಕಲು ಮಾಡಿದರೆ ಸಾಲದೆ? ಸಾಲದು. ಅವನು ನಲವತ್ತನೆಯ ಪುಟದಲ್ಲಿರುವಾಗ, ಎಂಬತ್ತನೆಯ ಪುಟದ ರಾಮಣ್ಣನ ಲೆಕ್ಕದಿಂದ ನೂರು ರೂಪಾಯಿ ತೆಗೆದು ಹತ್ತನೆಯ ಪುಟದ ಭೀಮಣ್ಣನ ಲೆಕ್ಕಕ್ಕೆ ಗುಮಾಸ್ತನು ಸೇರಿಸಿದನೆನ್ನಿ. ಹತ್ತನೆಯ ಪುಟವನ್ನು ಹುಡುಗನು ಆಗಲೇ ದಾಟಿದ್ದಾನೆ. ಹೊಸ ಕಡತದಲ್ಲಿ ಭೀಮಣ್ಣನಿಗೆ ನೂರು ರೂಪಾಯಿ ಬಂದಿಲ್ಲ. ಎಂಬತ್ತನೆಯ ಪುಟವನ್ನು ಆಮೇಲೆ ಮುಟ್ಟುತ್ತಾನೆ. ಅಲ್ಲಿ ರಾಮಣ್ಣನಿಂದ ನೂರು ರೂಪಾಯಿ ಹೋಗಿದೆ. ಹೊಸ ಕಡತದಲ್ಲಿ ನೂರು ರೂಪಾಯಿ ಎಲ್ಲಿಯೂ ಇಲ್ಲ! ಶಕ್ತಿಯ ನಿತ್ಯತೆಯನ್ನು ಓದಿದ ವಿದ್ಯಾರ್ಥಿಗಳು ಇಲ್ಲಿ ಬೆಚ್ಚಬೇಕು. ಪ್ರತಿಯೊಂದು ಪುಟವನ್ನೂ ಹುಡುಗನು ಪ್ರಾಮಾಣಿಕವಾಗಿಯೇ ನಕಲು ಮಾಡಿದ್ದಾನೆ, ಒಂದಕ್ಷರ ತಪ್ಪಿಲ್ಲ. ಆದರೂ ಕಡತ ಒಟ್ಟಾಗಿ ಸುಳ್ಳು. ಅದು ಬೆಳಗಿನ ಲೆಕ್ಕವಲ್ಲ, ಸಂಜೆಯ ಲೆಕ್ಕವಲ್ಲ. ಯಾವ ಗಳಿಗೆಯಲ್ಲಿಯೂ ಇದ್ದಿರದ ಲೆಕ್ಕ. ಡಿಸ್ಕಿನ ಸ್ಥಳಾಂತರದಲ್ಲಿ ನಿಜವಾದ ಅಪಾಯ ಇದೇ. ಪ್ರಮಾದ ನಡೆದರೆ ಕೂಡಲೇ ಕಾಣುವುದಿಲ್ಲ. ಯಂತ್ರ ಓಡುತ್ತಲೇ ಇರುತ್ತದೆ, ತಿಂಗಳ ಮೇಲೆ ಯಾರದೋ ಲೆಕ್ಕ ತಾಳೆಯಾಗುವುದಿಲ್ಲ.

ಈ ಸಮಸ್ಯೆಗೆ ಇಂಜಿನಿಯರುಗಳು ಒಂದಾದ ಮೇಲೊಂದರಂತೆ ಕಂಡುಕೊಂಡ ಉತ್ತರಗಳು ಬಲು ಸ್ವಾರಸ್ಯವಾಗಿವೆ. ವಿಎಂವೇರ್ ಸಂಸ್ಥೆಯ ಯಂತ್ರವ್ಯವಸ್ಥೆಯಲ್ಲಿಯೇ ೨೦೦೭ರಿಂದ ೨೦೧೧ರವರೆಗಿನ ನಾಲ್ಕು ವರ್ಷಗಳಲ್ಲಿ ಮೂರು ರೀತಿಗಳು ಬಂದುವು. ಅಲಿ ಮಷ್ಟಿಜಾದೆ ಮತ್ತು ಅವರ ಸಂಗಡಿಗರು ೨೦೧೧ರ ಪ್ರಬಂಧವೊಂದರಲ್ಲಿ ಈ ಮೂರನ್ನೂ, ತಮ್ಮ ಹಿಂದಿನ ರೀತಿಗಳ ಕೊರತೆಗಳನ್ನು ಮುಚ್ಚಿಡದೆ, ವಿವರಿಸಿದ್ದಾರೆ. ತಾವು ಮಾರಿದ ಸರಕಿನ ದೋಷವನ್ನು ತಾವೇ ಬರೆಯುವವರು ವಿರಳ.

೨೦೦೭ರ ಮೊದಲ ರೀತಿಯಲ್ಲಿ ಶೆಟ್ಟರು ಹೀಗೆ ಅಪ್ಪಣೆ ಮಾಡುತ್ತಾರೆ: ‘ಇನ್ನು ಹಳೆಯ ಕಡತದಲ್ಲಿ ಯಾರೂ ಬರೆಯಕೂಡದು. ಹೊಸದಾಗಿ ಬಂದುದನ್ನೆಲ್ಲ ಬೇರೆ ಚೀಟಿಯಲ್ಲಿ ಬರೆಯತಕ್ಕದ್ದು.’ ಕಡತ ನಿಶ್ಚಲವಾಯಿತು. ಹುಡುಗನು ನೆಮ್ಮದಿಯಾಗಿ ನಕಲು ಮಾಡಬಹುದು. ನಕಲು ಮುಗಿಯುವ ಹೊತ್ತಿಗೆ ಚೀಟಿ ತುಂಬಿರುವುದು. ಆಗ ಎರಡನೆಯ ಚೀಟಿಯನ್ನು ತೆರೆದು ಮೊದಲನೆಯ ಚೀಟಿಯನ್ನು ಹೊಸ ಕಡತಕ್ಕೆ ಇಳಿಸುವುದು. ಹೀಗೆಯೇ ಚೀಟಿ ಸಣ್ಣದಾಗುವವರೆಗೆ. ಕೆಲಸವೇನೋ ಆಗುವುದು. ಆದರೆ ಗುಮಾಸ್ತನು ಒಂದು ಲೆಕ್ಕವನ್ನು ನೋಡಬೇಕಾದರೂ ಮೊದಲು ಚೀಟಿಯಲ್ಲಿ ಹುಡುಕಿ, ಅಲ್ಲಿಲ್ಲದಿದ್ದರೆ ಕಡತವನ್ನು ತೆರೆಯಬೇಕು. ಚೀಟಿಗಳಿಗೆ ಜಾಗವೂ ಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ನಡುವೆ ಏನಾದರೂ ಕೆಟ್ಟರೆ ನಿಜವಾದ ಲೆಕ್ಕವು ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ಚೆದರಿಕೊಂಡಿರುವುದು.

೨೦೦೯ರ ಎರಡನೆಯ ರೀತಿಯಲ್ಲಿ ಚೀಟಿಯಿಲ್ಲ. ಗುಮಾಸ್ತನು ಹಳೆಯ ಕಡತದಲ್ಲಿಯೇ ಬರೆಯುತ್ತ ಹೋಗಲಿ. ಆದರೆ ಯಾವ ಪುಟದಲ್ಲಿ ಬರೆದನೋ ಆ ಪುಟದ ಸಂಖ್ಯೆಯ ಎದುರಿಗೆ ಗೋಡೆಯ ಮೇಲೆ ಒಂದು ಗೀಟು ಹಾಕಲಿ. ಗೀಟು ಬಿದ್ದ ಪುಟವನ್ನು ಮಾಸಿದ ಪುಟವೆನ್ನೋಣ. ಹುಡುಗನು ಒಂದು ಸುತ್ತು ಮುಗಿಸಿದ ಮೇಲೆ ಗೋಡೆಯನ್ನು ನೋಡಿ ಮಾಸಿದ ಪುಟಗಳನ್ನು ಮಾತ್ರ ಮತ್ತೆ ನಕಲು ಮಾಡುವನು. ಅಷ್ಟರಲ್ಲಿ ಇನ್ನಷ್ಟು ಮಾಸಿರುವುವು. ಮೂರನೆಯ ಸುತ್ತು, ನಾಲ್ಕನೆಯ ಸುತ್ತು.

ಗೋಡೆಯ ಗೀಟುಗಳಿಗೆ ಎಷ್ಟು ಜಾಗ ಬೇಕು? ಒಂದು ಟೆರಾಬೈಟಿನ ಡಿಸ್ಕನ್ನು ೬೪ ಕಿಲೋಬೈಟಿನ ಪುಟಗಳಾಗಿ ಭಾಗಿಸಿದರೆ ೧,೬೭,೭೭,೨೧೬ ಪುಟಗಳಾಗುವುವು. ಪುಟಕ್ಕೆ ಒಂದು ಬಿಟ್ಟು ಸಾಕು. ಮಾಸಿದ್ದರೆ ೧, ಇಲ್ಲವಾದರೆ ೦. ಒಟ್ಟು ೨ ಮೆಗಾಬೈಟು. ಒಂದು ಛಾಯಾಚಿತ್ರ ಹಿಡಿಯುವಷ್ಟು ಜಾಗದಲ್ಲಿ ಇಡೀ ಡಿಸ್ಕಿನ ಚರಿತ್ರೆ ಅಡಗುವುದು!

ಇಲ್ಲೊಂದು ಸೂಕ್ಷ್ಮವಿದೆ. ಹುಡುಗನು ಗೀಟನ್ನು ಒರಸಬೇಕಾದುದು ಪುಟವನ್ನು ನಕಲು ಮಾಡುವುದಕ್ಕೆ ಮೊದಲೋ, ಆಮೇಲೋ? ಕೆಲಸ ಮುಗಿದ ಮೇಲೆ ಒರಸುವುದೇ ಸಹಜವೆಂದು ತೋರುವುದು. ನಾವು ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಬಹುಪಾಲು ಕೈಗಳು ಹಾಗೆಯೇ ಎದ್ದುವು. ಆದರೆ ಅದು ತಪ್ಪು. ಹುಡುಗನು ಇಪ್ಪತ್ತನೆಯ ಪುಟದ ಮೇಲರ್ಧವನ್ನು ಇಳಿಸಿಕೊಂಡಿದ್ದಾಗ ಗುಮಾಸ್ತನು ಬಂದು ಅದೇ ಮೇಲರ್ಧದಲ್ಲಿ ಒಂದು ಅಂಕಿಯನ್ನು ತಿದ್ದಿ, ವಿಧೇಯನಾಗಿ ಗೀಟನ್ನೂ ಹಾಕಿಹೋದನೆನ್ನಿ. ಗೀಟು ಆಗಲೇ ಅಲ್ಲಿತ್ತು. ಎರಡು ಗೀಟಿಗೂ ಒಂದು ಗೀಟಿಗೂ ಭೇದವಿಲ್ಲ. ಹುಡುಗನು ಪುಟ ಮುಗಿಸಿ ಗೀಟನ್ನು ಒರಸಿಬಿಟ್ಟರೆ ಆ ತಿದ್ದುಪಡಿಯ ಸುಳಿವೇ ಅಳಿದುಹೋಗುವುದು. ಮೊದಲು ಒರಸಿ, ಆಮೇಲೆ ನಕಲು ಮಾಡಿದರೆ, ನಡುವೆ ಬಂದ ತಿದ್ದುಪಡಿಯ ಗೀಟು ಹೊಸದಾಗಿ ಬಿದ್ದು ಉಳಿದಿರುವುದು. ಹೆಚ್ಚೆಂದರೆ ಒಂದು ಪುಟವನ್ನು ವೃಥಾ ಎರಡು ಸಲ ನಕಲು ಮಾಡಿಯಾನು, ಅದರಿಂದ ನಷ್ಟವಿಲ್ಲ.

ಈ ಸುತ್ತುಗಳು ಎಂದಾದರೂ ಮುಗಿಯುವುವೆ? ಲೆಕ್ಕ ಹಾಕಿ ನೋಡೋಣ. ಡಿಸ್ಕು ೧,೦೦೦ ಗಿಗಾಬೈಟು. ನಕಲಿನ ವೇಗ ಸೆಕೆಂಡಿಗೆ ೨೦೦ ಮೆಗಾಬೈಟು. ಯಂತ್ರವು ಸೆಕೆಂಡಿಗೆ ೪೦ ಮೆಗಾಬೈಟಿನಷ್ಟು ಪುಟಗಳನ್ನು ಮಾಸಿಸುತ್ತಿದೆ. ಮೊದಲ ಸುತ್ತಿಗೆ ೫,೦೦೦ ಸೆಕೆಂಡು. ಅಷ್ಟರಲ್ಲಿ ಮಾಸಿದುದು ೨೦೦ ಗಿಗಾಬೈಟು. ಅದಕ್ಕೆ ೧,೦೦೦ ಸೆಕೆಂಡು. ಅಷ್ಟರಲ್ಲಿ ೪೦ ಗಿಗಾಬೈಟು, ೨೦೦ ಸೆಕೆಂಡು. ಮುಂದೆ ೪೦, ೮, ೧.೬ ಸೆಕೆಂಡು. ಏಳನೆಯ ಸುತ್ತಿಗೆ ೦.೩೨ ಸೆಕೆಂಡು ಸಾಕು. ಪ್ರತಿ ಸುತ್ತೂ ಹಿಂದಿನದರ ಐದನೆಯ ಒಂದು ಪಾಲು. ಇದು ಗುಣೋತ್ತರ ಶ್ರೇಢಿಯೆಂದು ವಿದ್ಯಾರ್ಥಿಗಳು ಆಗಲೇ ಗುರುತಿಸಿರಬೇಕು. ಸುತ್ತುಗಳು ಅನಂತವಾದರೂ ಮೊತ್ತ ೫,೦೦೦ವನ್ನು ೦.೮ರಿಂದ ಭಾಗಿಸಿದಷ್ಟು, ಎಂದರೆ ೬,೨೫೦ ಸೆಕೆಂಡು ಮಾತ್ರ. ಆಮೆಯ ಹಿಂದೆ ಓಡಿದ ಗ್ರೀಕ್ ವೀರನು ಅದನ್ನು ಹಿಡಿಯುವುದೂ ಇದೇ ಲೆಕ್ಕದಿಂದ. ಉಳಿದ ಚೂರು ಸಾಕಷ್ಟು ಸಣ್ಣದಾದಾಗ ಗುಮಾಸ್ತನ ಕೈಯನ್ನು ಒಂದು ಗಳಿಗೆ ಹಿಡಿದು, ಆ ಚೂರನ್ನೂ ಇಳಿಸಿಕೊಂಡು, ಹೊಸ ಕಡತವನ್ನು ಅವನ ಮುಂದಿಟ್ಟರಾಯಿತು.

ಆದರೆ ಯಂತ್ರವು ೪೦ರ ಬದಲು ೨೦೦ ಮೆಗಾಬೈಟಿನ ವೇಗದಲ್ಲಿ ಮಾಸಿಸುತ್ತಿದ್ದರೆ? ಆಗ ಪ್ರತಿ ಸುತ್ತೂ ಹಿಂದಿನದರಷ್ಟೇ. ತಳ ತೂತಾದ ಕೊಡವನ್ನು ತುಂಬಿಸಿದಂತೆ. ನಿಜಜೀವನದಲ್ಲಿ ಸ್ಥಿತಿ ಇಷ್ಟು ಕಠಿಣವಲ್ಲ. ಅದೇ ಕೆಲವು ಪುಟಗಳೇ ಪದೇ ಪದೇ ಮಾಸುವುದು ಹೆಚ್ಚು. ಅಂಥವನ್ನು ಕೊನೆಯವರೆಗೆ ಮುಟ್ಟದಿರುವ ಉಪಾಯವನ್ನೂ ಇಂಜಿನಿಯರುಗಳು ಹೂಡಿದರು. ಅಂತೂ ‘ಎಷ್ಟು ಹೊತ್ತಿಗೆ ಮುಗಿಯುವುದು?’ ಎಂಬ ಪ್ರಶ್ನೆಗೆ ‘ಗುಮಾಸ್ತನನ್ನು ಕೇಳಿ’ ಎಂಬುದೇ ಉತ್ತರವಾಯಿತು. ಬೆಳಗಾಗುವ ಮುನ್ನ ಕೆಲಸ ಮುಗಿಯಬೇಕೆಂದು ಕಾದು ಕುಳಿತವನಿಗೆ ಇದು ಸಮಾಧಾನದ ಮಾತಲ್ಲ.

೨೦೧೧ರ ಮೂರನೆಯ ರೀತಿ ಇವೆರಡಕ್ಕಿಂತ ಸರಳ. ಇಷ್ಟು ಸರಳವಾದುದು ಮೊದಲೇ ಏಕೆ ಹೊಳೆಯಲಿಲ್ಲ ಎನ್ನಿಸುವುದು. ಆದರೆ ಸರಳವಾದುದು ಕೊನೆಗೇ ಹೊಳೆಯುವುದು ವಿಜ್ಞಾನದಲ್ಲಿ ಸಾಮಾನ್ಯ. ಹುಡುಗನು ಒಂದೇ ಸಲ, ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗುವನು. ಗುಮಾಸ್ತನು ಬರೆಯಬೇಕಾದ ಪುಟವನ್ನು ಹುಡುಗನು ಇನ್ನೂ ತಲುಪಿಲ್ಲವಾದರೆ ಹಳೆಯ ಕಡತದಲ್ಲಿ ಮಾತ್ರ ಬರೆದರೆ ಸಾಕು. ಹುಡುಗನು ಹೇಗೂ ಅಲ್ಲಿಗೆ ಬಂದು ಹೊಸ ಬರಹವನ್ನೇ ಕಾಣುವನು. ಆ ಪುಟವನ್ನು ಹುಡುಗನು ಆಗಲೇ ದಾಟಿದ್ದರೆ ಎರಡು ಕಡತಗಳಲ್ಲಿಯೂ ಬರೆಯಬೇಕು. ಕನ್ನಡಿಯಲ್ಲಿ ಕಂಡಂತೆ ಎರಡು ಕಡೆಯೂ ಒಂದೇ ಬರಹ. ಆದುದರಿಂದ ಈ ರೀತಿಗೆ ಮಿರರಿಂಗ್ ಎಂದೇ ಹೆಸರು. ಹುಡುಗನ ಬೆರಳು ಈಗ ಅದೇ ಪುಟದ ಮೇಲಿದ್ದರೆ? ಅವನು ಮುಗಿಸುವವರೆಗೆ ಗುಮಾಸ್ತನು ಕಾಯಬೇಕು. ಕಾಯದಿದ್ದರೆ, ಹುಡುಗನು ಹಳೆಯ ಬರಹವನ್ನು ಓದಿ ಮನಸ್ಸಿನಲ್ಲಿಟ್ಟುಕೊಂಡಿರುವಾಗ ಗುಮಾಸ್ತನು ಎರಡು ಕಡೆಯೂ ಹೊಸದನ್ನು ಬರೆದು ಹೋಗುವನು. ಹಿಂದೆಯೇ ಹುಡುಗನು ಅದರ ಮೇಲೆ ಹಳೆಯದನ್ನು ಬರೆದು ಹಾಕುವನು. ಒಂದು ಪುಟದ ಕಾಯುವಿಕೆ ಎಂದರೆ ಕೆಲವು ಸಾವಿರಾಂಶ ಸೆಕೆಂಡುಗಳ ಮಾತು.

ರಾಮಣ್ಣ ಭೀಮಣ್ಣರ ನೂರು ರೂಪಾಯಿಯನ್ನು ಈಗ ನೋಡಿ. ಹುಡುಗನು ನಲವತ್ತರಲ್ಲಿದ್ದಾನೆ. ಹತ್ತನೆಯ ಪುಟದ ಜಮೆ ಎರಡು ಕಡೆಯೂ ಬಿದ್ದಿತು. ಎಂಬತ್ತನೆಯ ಪುಟದ ಖರ್ಚು ಹಳೆಯದರಲ್ಲಿ ಬಿದ್ದಿತು. ಹುಡುಗನು ಅಲ್ಲಿಗೆ ಹೋದಾಗ ಅದನ್ನೇ ಇಳಿಸಿಕೊಳ್ಳುವನು. ಹಣ ಎಲ್ಲಿಯೂ ಸೋರಲಿಲ್ಲ. ಹುಡುಗನು ನೂರನೆಯ ಪುಟವನ್ನು ಮುಗಿಸಿದ ಗಳಿಗೆಯಲ್ಲಿ ಎರಡು ಕಡತಗಳೂ ಅಕ್ಷರಶಃ ಒಂದೇ. ಗುಮಾಸ್ತನು ಎಷ್ಟೇ ವೇಗವಾಗಿ ಬರೆಯಲಿ, ಸುತ್ತು ಒಂದೇ.

ಇದಕ್ಕೂ ಬೆಲೆಯುಂಟು. ಎರಡು ಕಡೆಯೂ ಬರೆದು ಮುಗಿದ ಮೇಲೆಯೇ ‘ಬರೆದಾಯಿತು’ ಎಂದು ಯಂತ್ರಕ್ಕೆ ಹೇಳಬೇಕಾದುದರಿಂದ, ಎರಡರಲ್ಲಿ ನಿಧಾನವಾದುದರ ವೇಗವೇ ಯಂತ್ರದ ವೇಗವಾಗುವುದು. ಹಳೆಯದು ತಿರುಗುವ ಡಿಸ್ಕಾಗಿದ್ದರೆ ಇನ್ನೊಂದು ಕಷ್ಟ. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ೮.೩ ಸಾವಿರಾಂಶ ಸೆಕೆಂಡು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ. ನಕಲು ಮಾಡುವ ಹುಡುಗನಿಗಾಗಿ ಸಾಲಾಗಿ ಓದುತ್ತಿದ್ದ ತಲೆ, ನಡುನಡುವೆ ಗುಮಾಸ್ತನ ಕರೆಗೆ ಓಡಿ ಮತ್ತೆ ಹಿಂದಿರುಗಬೇಕು. ಇಬ್ಬರಿಗೂ ಸುಖವಿಲ್ಲ. ಆದುದರಿಂದ ನಕಲಿನ ವೇಗಕ್ಕೆ ಬೇಕೆಂದೇ ಕಡಿವಾಣ ಹಾಕುವುದು ವಾಡಿಕೆ.

ಕೈಬದಲು

ಕೊನೆಯ ಗಳಿಗೆಯಲ್ಲಿ ಆಗುವುದು ಇಷ್ಟು. ಯಂತ್ರದಿಂದ ಹೊಸದಾಗಿ ಬರುವ ಬರಹದ ಕೋರಿಕೆಗಳನ್ನು ಮೇಲ್ವಿಚಾರಕನು ಬಾಗಿಲಲ್ಲಿ ತಡೆದು ನಿಲ್ಲಿಸುವನು. ಆಗಲೇ ಒಳಗೆ ಹೋಗಿರುವುವು ಮುಗಿಯುವವರೆಗೆ ಕಾಯುವನು. ‘ಒಂದನೆಯ ಡಿಸ್ಕು’ ಎಂಬ ಹೆಸರು ಇದುವರೆಗೆ ಹಳೆಯ ಫೈಲನ್ನು ಸೂಚಿಸುತ್ತಿದ್ದಿತಲ್ಲವೆ? ಅದನ್ನು ಹೊಸ ಫೈಲಿನ ಕಡೆಗೆ ತಿರುಗಿಸುವನು. ಬಾಗಿಲನ್ನು ತೆರೆಯುವನು. ಒಂದು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಇಷ್ಟೂ ನಡೆದುಹೋಗುವುದು. ಲಿನಕ್ಸ್ ಗಣಕವು ಸ್ಕಸಿ ಬಗೆಯ ಡಿಸ್ಕಿನಿಂದ ಉತ್ತರಕ್ಕಾಗಿ ರೂಢಿಯಂತೆ ೩೦ ಸೆಕೆಂಡು ಕಾಯುವುದೆಂಬುದನ್ನು ನೆನೆದರೆ ಈ ವಿಳಂಬ ಅದಕ್ಕೆ ಏನೂ ಅಲ್ಲ. ಯಂತ್ರದ ಸ್ಮೃತಿಯನ್ನೇ ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವ ವಿದ್ಯೆಯಲ್ಲಿಯೂ ಇಂಥದೇ ಬಿಡುವು ಉಂಟು. ಇಂಗ್ಲೆಂಡಿನ ಕೇಂಬ್ರಿಡ್ಜಿನ ಸಂಶೋಧಕರೂ ಅವರ ಸಂಗಡಿಗರೂ ೨೦೦೫ರಲ್ಲಿ ಆಟಗಾರರು ಆಡುತ್ತಿದ್ದ ಗಣಕಕ್ರೀಡೆಯೊಂದರ ಯಂತ್ರವನ್ನು ಹೀಗೆ ಸಾಗಿಸಿದಾಗ ಅದು ನಿಂತಿದ್ದುದು ೬೦ ಸಾವಿರಾಂಶ ಸೆಕೆಂಡು ಮಾತ್ರ.

‘ಶೂನ್ಯ ವಿರಾಮ’ ಎಂದು ಜಾಹೀರಾತುಗಳು ಸಾರುವುದು ಹಾಗಾದರೆ ನಿಜವಲ್ಲ. ಶೂನ್ಯವೆಂಬುದು ಮಾರುವವರ ಮಾತು. ವಿರಾಮ ಇದ್ದೇ ಇದೆ. ಯಾರಿಗೂ ಕಾಣದಷ್ಟು ಸಣ್ಣದು.

ವಿರಾಮ ಸಣ್ಣದೆಂಬುದಕ್ಕಿಂತ ಹೆಚ್ಚು ಮಹತ್ವದ ವಿಷಯ ಬೇರೊಂದಿದೆಯೆಂದು ನಮ್ಮ ಅಭಿಪ್ರಾಯ. ಕೈಬದಲಿನ ಆ ಗಳಿಗೆಯವರೆಗೆ ಹಳೆಯ ಕಡತ ಒಂದೇ ಪ್ರಮಾಣ. ಹೊಸದು ಬರಿಯ ಪ್ರತಿ. ಆ ಗಳಿಗೆ ದಾಟಿದ ಮೇಲೆ ಹೊಸದೊಂದೇ ಪ್ರಮಾಣ. ಹಳೆಯದು ಬರಿಯ ಬಟ್ಟೆ. ಎರಡೂ ಪ್ರಮಾಣವಾಗಿರುವ ಕ್ಷಣವಿಲ್ಲ. ಯಾವುದೂ ಪ್ರಮಾಣವಲ್ಲದ ಕ್ಷಣವೂ ಇಲ್ಲ. ನಕಲಿನ ನಡುವೆ ಹೊಸ ಡಿಸ್ಕು ಕೆಟ್ಟರೆ, ತಂತಿ ಕಡಿದರೆ, ಪ್ರತಿಯನ್ನು ಬಿಸಾಡಿ ಮೊದಲಿನಿಂದ ಆರಂಭಿಸಿದರಾಯಿತು. ಅಂಗಡಿ ಎಂದಿನಂತೆ ನಡೆಯುತ್ತಲೇ ಇರುವುದು.

ಇದು ನಮಗೆ ಪುಸ್ತಕದಿಂದ ತಿಳಿದುದಲ್ಲ. ನಮ್ಮ ಮಿಥ್ಯಾಯಂತ್ರ ನಡೆಯುವುದು ೨೦೦೭ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದ ಕೆವಿಎಂ ಮತ್ತು ಅದರ ಜೊತೆಯ ಕ್ಯೂಎಮು ಎಂಬ ಉಚಿತ ಕ್ರಮವಿಧಿಗಳ ಮೇಲೆ. ಅವುಗಳಲ್ಲಿ ರೂಢಿಯಾಗಿರುವುದು ಗೋಡೆಯ ಗೀಟಿನ ರೀತಿ. ನಮ್ಮ ಎಣಿಕೆಯಂತಹ ಅಲ್ಪ ಬರಹಕ್ಕೆ ಅದು ಧಾರಾಳವಾಗಿ ಸಾಕು. ಎಣಿಕೆಯ ಫೈಲುಗಳ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟು—ಸ್ಥಳಾಂತರ ಬೇರೆ, ಕಾಪುಪ್ರತಿ ಬೇರೆ. ಕೆಟ್ಟ ಬರಹವನ್ನೂ ಹುಡುಗನು ಅಷ್ಟೇ ನಿಷ್ಠೆಯಿಂದ ನಕಲು ಮಾಡುವನೆಂಬುದನ್ನು ಮರೆಯಬಾರದು—ಒಂದು ಶನಿವಾರ ಸಂಜೆ ೨೦೦ ಗಿಗಾಬೈಟಿ‌ನ ಫೈಲಿನ ಸಾಗಣೆಯನ್ನು ಆರಂಭಿಸಿದೆವು. ರೋಗಿಷ್ಠ ಡಿಸ್ಕಿಗೆ ಆಯಾಸವಾಗದಿರಲೆಂದು ಸೆಕೆಂಡಿಗೆ ೪೦ ಮೆಗಾಬೈಟಿನ ಕಡಿವಾಣ. ಎಂದರೆ ೫,೦೦೦ ಸೆಕೆಂಡು, ಸುಮಾರು ಒಂದು ಗಂಟೆ ಇಪ್ಪತ್ತಮೂರು ನಿಮಿಷ. ನೂರಕ್ಕೆ ಅರವತ್ತೊಂದರಷ್ಟು ಮುಗಿದಿದ್ದಾಗ ಒಬ್ಬ ವಿದ್ಯಾರ್ಥಿಯ ಕಾಲು ತಗುಲಿ ಹೊಸ ಡಿಸ್ಕಿನ ತಂತಿ ಕಳಚಿತು. ಕೋಣೆಯಲ್ಲಿ ಒಂದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಪರದೆಯ ಮೇಲೆ ‘ಪ್ರತಿ ವಿಫಲವಾಯಿತು’ ಎಂಬರ್ಥದ ಒಂದು ಸಾಲು ಬಂದಿತು. ಅದರ ಪಕ್ಕದ ಪರದೆಯಲ್ಲಿ ಆ ನಿಮಿಷದ ಮ್ಯುವಾನ್ ಎಣಿಕೆ ಏನೂ ಆಗದವರಂತೆ ಬಂದು ಬಿದ್ದಿತು. ಆ ವಿದ್ಯಾರ್ಥಿಯೇ ಮೊದಲು ನಕ್ಕವನು.

ತಂತಿಯನ್ನು ಗೋಡೆಯ ಬದಿಗೆ ಕಟ್ಟಿ ಮತ್ತೆ ಮೊದಲಿನಿಂದ ಆರಂಭಿಸಿದೆವು. ಈ ಸಲ ಯಂತ್ರದೊಳಗೆ ಇನ್ನೊಂದು ಸಣ್ಣ ಕ್ರಮವಿಧಿಯನ್ನೂ ಓಡಿಸಿದೆವು. ಅದು ಸೆಕೆಂಡಿಗೆ ಹತ್ತು ಸಲ ಡಿಸ್ಕಿನ ಮೇಲೆ ಗಂಟೆಯನ್ನು ಬರೆದು, ಪ್ರತಿ ಬರಹಕ್ಕೂ ಹಿಡಿದ ಹೊತ್ತನ್ನು ಗುರುತಿಸುತ್ತಿದ್ದಿತು. ರಾತ್ರಿ ೯ ಗಂಟೆ ೧೪ ನಿಮಿಷಕ್ಕೆ ಗೀಟುಗಳೆಲ್ಲ ಅಳಿದು ‘ಸಿದ್ಧ’ ಎಂಬ ಸೂಚನೆ ಬಂದಿತು. ಕೈಬದಲಿಗೆ ಆಜ್ಞೆ ಕೊಟ್ಟೆವು. ಮರುದಿನ ಆ ಪಟ್ಟಿಯನ್ನು ತೆಗೆದು ನೋಡಿದರೆ ಸಾಲು ಸಾಲಾಗಿ ಹತ್ತು, ಹದಿನೈದು, ಇಪ್ಪತ್ತು ಸಾವಿರಾಂಶ ಸೆಕೆಂಡುಗಳು. ನಡುವೆ ಒಂದೇ ಒಂದು ಕಡೆ ೧೯೦. ಆಮೇಲೆ ಎಲ್ಲವೂ ಒಂದು ಸಾವಿರಾಂಶಕ್ಕಿಂತ ಸ್ವಲ್ಪವೇ ಹೆಚ್ಚು. ಹೊಸದು ಫ್ಲಾಷ್ ಡಿಸ್ಕು ನೋಡಿ. ಮ್ಯುವಾನ್ ಎಣಿಕೆಯಲ್ಲಿ ಒಂದು ನಿಮಿಷವೂ ಬಿಟ್ಟುಹೋಗಿರಲಿಲ್ಲ.

ಹಳೆಯ ಡಿಸ್ಕನ್ನು ಪೂರ್ತಿಯಾಗಿ ಅಳಿಸಿದ ಮೇಲೆ ವಿದ್ಯಾರ್ಥಿಗಳು ಬಿಚ್ಚಿದರು. ತಟ್ಟೆ ನಿಲುಗನ್ನಡಿಯಷ್ಟೇ ನುಣುಪಾಗಿದೆ. ಈ ವರ್ಷ ಪಿಯುಸಿ ತರಗತಿಗೆ ಮಿಥ್ಯಾಬಿಂಬದ ಪಾಠ ಮಾಡುವಾಗ ಅದನ್ನೇ ಕೈಯಿಂದ ಕೈಗೆ ಕಳುಹಿಸಿದೆವು.